ಕಿವಿಯನ್ನು ನಂಬದ ವಾದ್ಯಗಾರರು: ಅಮೆರಿಕದ ಕಾಲೇಜು ಮಾರ್ಚಿಂಗ್ ಬ್ಯಾಂಡುಗಳ ಲೆಕ್ಕ ಮತ್ತು ಲಯ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಅಮೆರಿಕನ್ ಫುಟ್‌ಬಾಲ್ ಮೈದಾನ ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 100 ಗಜ ಉದ್ದ, ಅಂದರೆ ಸುಮಾರು 91 ಮೀಟರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಈ ತುದಿಯಲ್ಲಿ ನಿಂತವನು ಚಪ್ಪಾಳೆ ತಟ್ಟಿದರೆ ಆ ತುದಿಯವನ ಕಿವಿಗೆ ಅದು ಬೀಳುವುದು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ತಡವಾಗಿ. ಕಾಲು ಸೆಕೆಂಡು ಯಾವ ಮಹಾ ಅನ್ನಿಸಬಹುದು. ಆದರೆ ನಿಮಿಷಕ್ಕೆ 120 ಪೆಟ್ಟು ಬೀಳುವ ಸಾಧಾರಣ ನಡಿಗೆಯಲ್ಲಿ ಎರಡು ಪೆಟ್ಟುಗಳ ನಡುವಿನ ಅಂತರವೇ ಅರ್ಧ ಸೆಕೆಂಡು. ಆ ತುದಿಯವನು ತನ್ನ ಕಿವಿಗೆ ಬಿದ್ದದ್ದನ್ನೇ ನಂಬಿ ತುತ್ತೂರಿ ಊದಿದರೆ ಅರ್ಧ ಪೆಟ್ಟಿಗಿಂತ ಹೆಚ್ಚು ಹಿಂದೆ ಬೀಳುತ್ತಾನೆ. ಅವನ ಸ್ವರ ಮತ್ತೆ ಈ ತುದಿಗೆ ಬಂದು ಮುಟ್ಟುವ ಹೊತ್ತಿಗೆ ಇಡೀ ಒಂದು ಪೆಟ್ಟು ಕಳೆದುಹೋಗಿರುತ್ತದೆ.

ನಮ್ಮ ಕಛೇರಿಯಲ್ಲಿ ಈ ತೊಂದರೆ ಇಲ್ಲ. ಮೃದಂಗದವರು ಹಾಡುವವರ ಪಕ್ಕದಲ್ಲೇ ಕೂತಿರುತ್ತಾರೆ, ಪಿಟೀಲು ಇನ್ನೊಂದು ಪಕ್ಕ. ಅಲ್ಲಿ ಕಿವಿಯೇ ಗುರು. ಅಮೆರಿಕದ ಕಾಲೇಜು ಮಾರ್ಚಿಂಗ್ ಬ್ಯಾಂಡಿಗೆ ಸೇರುವ ಹುಡುಗ ಹುಡುಗಿಯರಿಗೆ ಆರಂಭದಲ್ಲೇ ಹೇಳಿಕೊಡುವ ಪಾಠ ಇದಕ್ಕೆ ತೀರಾ ಉಲ್ಟಾ: ಕಿವಿಯನ್ನು ನಂಬಬೇಡಿ, ಕಣ್ಣನ್ನು ನಂಬಿ. ಈ ಬ್ಯಾಂಡುಗಳ ವಾದ್ಯಗಳ ವಿಚಿತ್ರ ಆಕಾರ, ಅವರು ಇಡುವ ಹೆಜ್ಜೆ, ಬರೆಸಿಕೊಳ್ಳುವ ಸಂಗೀತ, ಕೊನೆಗೆ ಅವರ ಎಷ್ಟೋ ಸಂಪ್ರದಾಯಗಳೂ ಆ ಮೈದಾನದ ಅಳತೆಯಿಂದಲೇ ಹುಟ್ಟಿಕೊಂಡವು ಎಂದು ನನಗೆ ತೋರುತ್ತದೆ.

ನೋಡದವರಿಗೆ ಒಂದು ಮಾತು. ನಾವು ಕಂಡಿರುವ ಬ್ಯಾಂಡ್ ಎಂದರೆ ಮೈಸೂರು ದಸರಾ ಜಂಬೂ ಸವಾರಿಯ ಪೊಲೀಸ್ ಬ್ಯಾಂಡ್. ಶಿಸ್ತಿನ ಸಾಲು, ಹೊಳೆಯುವ ಹಿತ್ತಾಳೆ, ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಾರೆ. ಅಮೆರಿಕದ ಕಾಲೇಜು ಬ್ಯಾಂಡಿನ ಬೇರು ಕೂಡ ಇಂಥದ್ದೇ ಸೈನಿಕ ನಡಿಗೆ. ಆದರೆ ಅದು ಒಂದೇ ದಿಕ್ಕಿಗೆ ನಡೆಯುವುದನ್ನು ಬಿಟ್ಟು ನೂರು ವರ್ಷಗಳ ಮೇಲಾಯಿತು. ಶರತ್ಕಾಲದ ಶನಿವಾರಗಳಂದು ಕಾಲೇಜು ಫುಟ್‌ಬಾಲ್ ಪಂದ್ಯದ ನಡುವೆ ಸಿಗುವ 20 ನಿಮಿಷಗಳ ವಿರಾಮದಲ್ಲಿ ಇನ್ನೂರರಿಂದ ನಾನೂರು ವಿದ್ಯಾರ್ಥಿಗಳು ಮೈದಾನಕ್ಕಿಳಿದು, ವಾದ್ಯ ನುಡಿಸುತ್ತಲೇ ಚದುರಿ, ಕೂಡಿ, ಅಕ್ಷರ ಬರೆದು, ಚಿತ್ರ ಬಿಡಿಸಿ ಹೊರಟುಹೋಗುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಸಂಗೀತದ ವಿದ್ಯಾರ್ಥಿಗಳೇ ಅಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಕಾಮರ್ಸ್ ಓದುವವರು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡಿನಲ್ಲಿ ಬ್ಯಾರಿಟೋನ್ ಎಂಬ ಹಿತ್ತಾಳೆ ವಾದ್ಯ ಊದುತ್ತಿದ್ದರು.

ಹಿಂದಿನಿಂದ ಬಂದದ್ದನ್ನು ಮಾತ್ರ ಕೇಳು

ಮೈದಾನದ ಮುಂದೆ ಎತ್ತರದ ಕಟ್ಟೆಯ ಮೇಲೆ ನಿಂತು ಕೈಯಾಡಿಸುವವರು ತಾಳ ತೋರಿಸುತ್ತಾರೆ. ಹಲವು ಬ್ಯಾಂಡುಗಳಲ್ಲಿ ಈ ಕೆಲಸ ‘ಡ್ರಮ್ ಮೇಜರ್’ ಎಂಬ ವಿದ್ಯಾರ್ಥಿ ಮುಂದಾಳಿನದು, ಕೆಲವು ಕಡೆ ನಿರ್ದೇಶಕರದು. ಬೆಳಕಿಗೆ ತಡವೆಂಬುದಿಲ್ಲ. ಹಾಗಾಗಿ ಎಲ್ಲರೂ ಆ ಕೈಯನ್ನು ನೋಡಿದರೆ ಎಲ್ಲರೂ ಒಂದೇ ಕ್ಷಣಕ್ಕೆ ಊದುತ್ತಾರೆ. ಸಮಸ್ಯೆ ಮುಗಿಯಿತಲ್ಲ?

ಇಲ್ಲ. ಮೈದಾನದ ಅಗಲ 160 ಅಡಿ, ಸುಮಾರು 49 ಮೀಟರ್. ಹಿಂಬದಿಯ ಗೆರೆಯ ಬಳಿ ನಿಂತವನೂ ಮುಂಬದಿಯ ಗೆರೆಯ ಬಳಿ ನಿಂತವನೂ ಒಂದೇ ಕ್ಷಣಕ್ಕೆ ಊದಿದರೆ, ಗ್ಯಾಲರಿಯಲ್ಲಿ ಕೂತವರಿಗೆ ಹಿಂದಿನವನ ಸ್ವರ ಸೆಕೆಂಡಿನ ಏಳನೇ ಒಂದು ಭಾಗದಷ್ಟು ತಡವಾಗಿ ಕೇಳುತ್ತದೆ. ವೇಗದ ಹಾಡಾದರೆ ಇಷ್ಟು ಸಾಕು, ಸ್ವರಗಳು ಕಲಸುಮೇಲೋಗರವಾಗುತ್ತವೆ.

ಅದಕ್ಕೊಂದು ಜಾಣ ಉಪಾಯವಿದೆ. ಡ್ರಮ್ ಬಾರಿಸುವವರ ತಂಡವನ್ನು ಸಾಮಾನ್ಯವಾಗಿ ಮೈದಾನದ ನಡುವೆ, ಹಿಂಭಾಗದಲ್ಲಿ ಇಡುತ್ತಾರೆ. ಅವರು ಮಾತ್ರ ಕಣ್ಣನ್ನು ನಂಬಿ ಆ ಕೈಗೆ ಸರಿಯಾಗಿ ಬಾರಿಸುತ್ತಾರೆ. ಅವರ ಪೆಟ್ಟಿನ ಸದ್ದು ಅಲೆಯಂತೆ ಮುಂದಕ್ಕೆ ಹೊರಡುತ್ತದೆ. ಅವರ ಮುಂದೆ ನಿಂತವರು ಆ ಅಲೆ ತಮ್ಮ ಬೆನ್ನು ಮುಟ್ಟಿದ ಕ್ಷಣಕ್ಕೆ ತಮ್ಮ ಸ್ವರವನ್ನು ಅದರ ಮೇಲೆ ಹತ್ತಿಸುತ್ತಾರೆ. ಇನ್ನೂ ಮುಂದಿನವರು ಇನ್ನಷ್ಟು ತಡವಾಗಿ. ಹೀಗೆ ಎಲ್ಲರ ಸದ್ದೂ ಒಂದೇ ಅಲೆಯ ಮೇಲೆ ಕೂತು ಗ್ಯಾಲರಿಗೆ ಒಟ್ಟಿಗೆ ತಲುಪುತ್ತದೆ. ಮೈದಾನದಲ್ಲಿ ಎಲ್ಲರೂ ಬೇರೆ ಬೇರೆ ಕ್ಷಣಕ್ಕೆ ನುಡಿಸಿರುತ್ತಾರೆ, ಕೇಳುಗನಿಗೆ ಮಾತ್ರ ಒಂದೇ! ಡ್ರಮ್ಮಿನವರ ಅಕ್ಕಪಕ್ಕ ದೂರದಲ್ಲಿ ಅಥವಾ ಅವರ ಹಿಂದೆ ಸಿಕ್ಕಿಕೊಂಡವರಿಗೆ ಈ ಸೌಲಭ್ಯವಿಲ್ಲ. ಅವರು ಕಿವಿ ಮುಚ್ಚಿದವರಂತೆ ಕಣ್ಣಿನಿಂದಲೇ ನುಡಿಸಬೇಕು, ಕೆಲವೊಮ್ಮೆ ಕಿವಿ ಹೇಳುವುದಕ್ಕಿಂತ ಮುಂಚೆಯೇ. ಹೊಸಬರು ಎಡವುವುದು ಇಲ್ಲೇ. ನುಡಿಸುವಾಗ ಪಕ್ಕದ ಸದ್ದಿಗೆ ಕಿವಿಗೊಡಬಾರದು ಎಂಬುದನ್ನು ಸಂಗೀತ ಕಲಿತ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಐದು ಗಜಕ್ಕೆ ಎಂಟು ಹೆಜ್ಜೆ

ಫುಟ್‌ಬಾಲ್ ಮೈದಾನದಲ್ಲಿ ಪ್ರತಿ ಐದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ. ಅದು ಆಟಕ್ಕಾಗಿ ಎಳೆದದ್ದು, ಆದರೆ ಬ್ಯಾಂಡಿನವರಿಗೆ ಅದೇ ತಾಳದ ಕಾಗದ. ಅವರ ಅಳತೆ ‘ಎಂಟಕ್ಕೆ ಐದು’: ಎಂಟು ಹೆಜ್ಜೆಗೆ ಐದು ಗಜ. ಒಂದು ಹೆಜ್ಜೆ ಕರಾರುವಾಕ್ಕಾಗಿ ಇಪ್ಪತ್ತೆರಡೂವರೆ ಅಂಗುಲ, ಅಂದರೆ 57 ಸೆಂಟಿಮೀಟರ್. ಒಂದು ಪೆಟ್ಟಿಗೆ ಒಂದು ಹೆಜ್ಜೆ. ಹಾಡಿನ ಒಂದು ಸಾಲಿನಲ್ಲಿ ಎಂಟು ಪೆಟ್ಟುಗಳಿದ್ದರೆ ಸಾಲು ಮುಗಿಯುವ ಹೊತ್ತಿಗೆ ಎಡಗಾಲೋ ಬಲಗಾಲೋ ಸರಿಯಾಗಿ ಮುಂದಿನ ಗೆರೆಯ ಮೇಲಿರಬೇಕು. ಹೀಗೆ ಕಾಲ ಮತ್ತು ದೂರ ಒಂದೇ ಆಗಿಬಿಡುತ್ತವೆ. ಆದಿತಾಳವನ್ನು ಕೈಯಲ್ಲಿ ಹಾಕುವ ಬದಲು ಹುಲ್ಲಿನ ಮೇಲೆ ಹಾಸಿದಂತೆ.

ಪ್ರತಿಯೊಬ್ಬರಿಗೂ ಪ್ರತಿ ಚಿತ್ರಕ್ಕೂ ಒಂದು ವಿಳಾಸ ಇರುತ್ತದೆ. ‘ನಲವತ್ತರ ಗೆರೆಯಿಂದ ಹೊರಕ್ಕೆ ಮೂರು ಹೆಜ್ಜೆ, ಮುಂದಿನ ಅಡ್ಡಗುರುತಿನಿಂದ ಹಿಂದಕ್ಕೆ ಆರು ಹೆಜ್ಜೆ’ ಎಂಬಂಥ ವಿಳಾಸ. ಇದನ್ನು ಅವರು ‘ಡಾಟ್’ ಎನ್ನುತ್ತಾರೆ. ಒಂದು ಪ್ರದರ್ಶನದಲ್ಲಿ ಇಂಥ ಹತ್ತಾರು ಡಾಟ್‌ಗಳು. ಒಂದು ಕಾಲದಲ್ಲಿ ನಿರ್ದೇಶಕರು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದೊಂದೇ ಚುಕ್ಕೆ ಇಡುತ್ತಿದ್ದರು. ಈಗ ಅದಕ್ಕೆಂದೇ ಸಾಫ್ಟ್‌ವೇರ್ ಇದೆ, ಹುಡುಗರ ಫೋನಿನಲ್ಲೇ ಚಿತ್ರ ಚಲಿಸುತ್ತದೆ. ಸಂಗೀತವೂ ಬಾಯಿಪಾಠ, ವಿಳಾಸವೂ ಬಾಯಿಪಾಠ, ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಬಾಯಿಪಾಠ. ದೊಡ್ಡ ಬ್ಯಾಂಡುಗಳಲ್ಲಿ ಇಷ್ಟೂ ಒಂದೊಂದು ಪಂದ್ಯಕ್ಕೆ ಬದಲಾಗುತ್ತದೆ, ಕೆಲವೊಮ್ಮೆ ಒಂದೇ ವಾರದ ಅಭ್ಯಾಸದಲ್ಲಿ.

ಹೆಜ್ಜೆಯಲ್ಲೂ ಎರಡು ಘರಾಣೆಗಳಿವೆ ಎನ್ನಬಹುದು. ಒಂದರಲ್ಲಿ ಹಿಮ್ಮಡಿಯಿಂದ ಬೆರಳ ತುದಿಗೆ ಪಾದವನ್ನು ಉರುಳಿಸುತ್ತಾ ಜಾರಿದಂತೆ ನಡೆಯುತ್ತಾರೆ. ಸೊಂಟದ ಮೇಲಿನ ಮೈ ಅಲುಗುವುದೇ ಇಲ್ಲ, ತುಟಿಗಿಟ್ಟ ವಾದ್ಯದ ಸ್ವರ ನಡುಗುವುದಿಲ್ಲ. ಇನ್ನೊಂದರಲ್ಲಿ ಮಂಡಿ ಸೊಂಟದೆತ್ತರಕ್ಕೆ ಏರಬೇಕು, ತೊಡೆ ನೆಲಕ್ಕೆ ಸಮಾನಾಂತರವಾಗಬೇಕು. ನೋಡಲು ಭಾರಿ ಗತ್ತು, ಊದುವವರಿಗೆ ಭಾರಿ ಕಷ್ಟ. ಡೊಳ್ಳು ಕುಣಿತ ನೋಡಿದವರಿಗೆ ಇದು ಅರ್ಥವಾಗುತ್ತದೆ: ಮೈಮೇಲೆ ಭಾರ ಹೊತ್ತು, ಕುಣಿಯುತ್ತಾ, ಪೆಟ್ಟು ತಪ್ಪದಂತೆ ಬಾರಿಸುವುದು. ವ್ಯತ್ಯಾಸವೆಂದರೆ ಡೊಳ್ಳಿನವರು ಅದರ ಜೊತೆಗೆ ಉಸಿರನ್ನೂ ವಾದ್ಯಕ್ಕೆ ಕೊಡಬೇಕಾಗಿಲ್ಲ.

ವಾದ್ಯಗಳೂ ಮೈದಾನಕ್ಕೆ ತಕ್ಕಂತೆ ಬದಲಾದವು. ಬಯಲಿನಲ್ಲಿ ಸದ್ದನ್ನು ಹಿಡಿದು ಹಿಂದಿರುಗಿಸಲು ಗೋಡೆಗಳಿಲ್ಲ, ಹೋದ ಸದ್ದು ಹೋದದ್ದೇ. ಆದ್ದರಿಂದ ವಾದ್ಯದ ಬಾಯಿ ಕೇಳುಗರ ಕಡೆಗೇ ಇರಬೇಕು. ಫ್ರೆಂಚ್ ಹಾರ್ನ್‌ನ ಬಾಯಿ ಹಿಂದಕ್ಕಿರುತ್ತದೆ, ಅದಕ್ಕೆ ಅದರ ಜಾಗದಲ್ಲಿ ಮುಂದಕ್ಕೆ ಬಾಯಿಯಿರುವ ಮೆಲೋಫೋನ್ ಬಂತು. ಟ್ಯೂಬಾವನ್ನು ಮಡಿಲಲ್ಲಿಟ್ಟುಕೊಂಡು ನಡೆಯಲಾಗದು, ಅದಕ್ಕೆ ಹೆಬ್ಬಾವಿನಂತೆ ಮೈಗೆ ಸುತ್ತಿಕೊಂಡು ಹೆಗಲ ಮೇಲೆ ಕೂರುವ ಸೂಸಾಫೋನ್. ಮಾರ್ಚ್ ಎಂಬ ನಡಿಗೆ ಸಂಗೀತದ ದೊರೆ ಎನಿಸಿದ ಜಾನ್ ಫಿಲಿಪ್ ಸೂಸಾ 1890ರ ದಶಕದಲ್ಲಿ ತನ್ನ ತಂಡಕ್ಕಾಗಿ ಬಯಸಿ ಮಾಡಿಸಿದ ವಾದ್ಯ ಅದು. ಮೊದಲು ಅದರ ಬಾಯಿ ಆಕಾಶಕ್ಕೆ ತೆರೆದಿತ್ತು, ಮಳೆ ಹಿಡಿಯುವ ಪಾತ್ರೆ ಎಂದು ಗೇಲಿ ಮಾಡುತ್ತಿದ್ದರಂತೆ. ಆಮೇಲೆ ಮುಂದಕ್ಕೆ ಬಾಗಿತು. ಓಬೋ, ಬಸೂನ್‌ಗಳಂಥ ನಾಜೂಕು ವಾದ್ಯಗಳಿಗೆ ಇಲ್ಲಿ ಜಾಗವಿಲ್ಲ. ಬಿಸಿಲು, ಚಳಿ, ಮಳೆ, ಮಂಡಿಯೆತ್ತರದ ಹೆಜ್ಜೆ ಯಾವುದನ್ನೂ ಅವು ತಾಳಲಾರವು.

ಕವಾಯತಿನಿಂದ ಕ್ರೀಡಾಂಗಣಕ್ಕೆ

ಕಾಲೇಜಿಗೂ ಸೈನಿಕ ಬ್ಯಾಂಡಿಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ ಒಂದು ಕಾನೂನಿನಲ್ಲಿದೆ. 1862ರಲ್ಲಿ, ಅಂತರ್ಯುದ್ಧದ ನಡುವೆ, ಅಮೆರಿಕದ ಸಂಸತ್ತು ಮಾರಿಲ್ ಕಾಯ್ದೆಯನ್ನು ತಂದಿತು. ರಾಜ್ಯಗಳಿಗೆ ಜಮೀನು ಕೊಟ್ಟು, ಅದರ ಆದಾಯದಲ್ಲಿ ಕೃಷಿ ಮತ್ತು ತಾಂತ್ರಿಕ ಕಾಲೇಜು ಕಟ್ಟಿರಿ, ಜೊತೆಗೆ ಸೈನಿಕ ತರಬೇತಿಯನ್ನೂ ಪಾಠದಲ್ಲಿ ಸೇರಿಸಿರಿ ಎಂದಿತು. ಕವಾಯತು ಬಂದ ಮೇಲೆ ಹೆಜ್ಜೆಗೆ ಡ್ರಮ್ ಬೇಕು. ಇಂಥ ಕಾಲೇಜುಗಳಲ್ಲಿ ಹೀಗೆ ಪುಟ್ಟ ಪುಟ್ಟ ಕೆಡೆಟ್ ಬ್ಯಾಂಡುಗಳು ಹುಟ್ಟಿದವು. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡ್ 1878ರಲ್ಲಿ ಕವಾಯತಿಗೆ ಕೊಳಲು ಮತ್ತು ಡ್ರಮ್ ಒದಗಿಸುವ ತಂಡವಾಗಿ ಶುರುವಾದದ್ದು. ಟೆಕ್ಸಾಸ್ ಎ ಅಂಡ್ ಎಂ ಬ್ಯಾಂಡನ್ನು 1894ರಲ್ಲಿ ಕಟ್ಟಿದ ಜೋಸೆಫ್ ಹೋಲಿಕ್ ವೃತ್ತಿಯಲ್ಲಿ ಬೂಟು ಹೊಲಿಯುವವರು. ನಡಿಗೆಯ ಬ್ಯಾಂಡಿಗೆ ಇದಕ್ಕಿಂತ ಒಪ್ಪುವ ಹಿನ್ನೆಲೆ ಬೇಕೆ?

ಇನ್ನೂ ಹಿಂದಕ್ಕೆ ಹೋದರೆ ಈ ದೊಡ್ಡ ಡ್ರಮ್ಮು ಮತ್ತು ಸಿಂಬಲ್‌ಗಳು ಯೂರೋಪಿನ ಸೈನ್ಯಗಳಿಗೆ ಬಂದದ್ದು ಆಟೋಮನ್ ತುರ್ಕರ ಸೈನಿಕ ವಾದ್ಯಮೇಳದಿಂದ. ಆ ಕತೆ ಬೇರೆ, ಇಲ್ಲಿ ಬೇಡ.

ತಿರುವು ಬಂದದ್ದು 1907ರಲ್ಲಿ. ಆ ವರ್ಷ ಪರ್ಡ್ಯೂ ಬ್ಯಾಂಡಿನ ಹುಡುಗರು ಸೈನಿಕ ಚೌಕವನ್ನು ಒಡೆದು ಮೈದಾನದ ಮೇಲೆ ಇಂಗ್ಲಿಷಿನ ‘ಪಿ’ ಅಕ್ಷರವಾಗಿ ನಿಂತರು. ಅದೇ ವರ್ಷ ಪಕ್ಕದ ಇಲಿನಾಯ್ ವಿಶ್ವವಿದ್ಯಾಲಯದ ಬ್ಯಾಂಡು ಪಂದ್ಯದ ವಿರಾಮದಲ್ಲಿ ಪ್ರದರ್ಶನ ಕೊಟ್ಟಿತು, ಇಂಥದ್ದರಲ್ಲಿ ನಾವೇ ಮೊದಲಿಗರು ಎಂದು ಅದು ಇಂದಿಗೂ ಹೇಳಿಕೊಳ್ಳುತ್ತದೆ. ನಡಿಗೆ ಎಂಬುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸಾಧನವಾಗಿದ್ದದ್ದು ಅಂದಿನಿಂದ ಬರೆಯುವ ಸಾಧನವಾಯಿತು. ಎತ್ತರದ ಗ್ಯಾಲರಿಗಳು ಕಾಂಕ್ರೀಟಿನಲ್ಲಿ ಏಳುತ್ತಿದ್ದ ಕಾಲವೂ ಅದೇ. ಮೇಲಿನಿಂದ ನೋಡುವವರು ಇಲ್ಲದಿದ್ದರೆ ಮೈದಾನದ ಮೇಲೆ ಅಕ್ಷರ ಬರೆದು ಪ್ರಯೋಜನವೇನು?

ಪೈಪೋಟಿ ಡ್ರಮ್ಮಿನ ಗಾತ್ರಕ್ಕೂ ಹಬ್ಬಿತು. ಪರ್ಡ್ಯೂ 1921ರಲ್ಲಿ ಜಗತ್ತಿನ ಅತಿ ದೊಡ್ಡದೆಂದು ಹೇಳಿಕೊಂಡ ಡ್ರಮ್ ಮಾಡಿಸಿತು. ಮರುವರ್ಷ ಶಿಕಾಗೊ ವಿಶ್ವವಿದ್ಯಾಲಯಕ್ಕೂ ಒಂದು ದೈತ್ಯ ಡ್ರಮ್ ಬಂತು. ಶಿಕಾಗೊ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು, ಡ್ರಮ್ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ ಮೂಲೆಗೆ ಬಿತ್ತು. ಅದೇ ಗ್ಯಾಲರಿಯ ಕೆಳಗೆ 1942ರಲ್ಲಿ ಮೊದಲ ಪರಮಾಣು ಕ್ರಿಯಾಕಾರಿ ಉರಿಯಿತು! 1955ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಬ್ಯಾಂಡಿಗೆ ಆ ಡ್ರಮ್ ಸಿಗುವ ಮೊದಲು ಅದಕ್ಕೆ ತಗುಲಿದ್ದ ವಿಕಿರಣವನ್ನು ತೆಗೆದು ಶುಚಿ ಮಾಡಬೇಕಾಯಿತು. ‘ಬಿಗ್ ಬರ್ತಾ’ ಎಂಬ ಹೆಸರಿನಿಂದ ಅದು 2022ರವರೆಗೆ ದುಡಿಯಿತು.

ಒಂದೇ ಬೇರು, ಹಲವು ಬಗೆ

ಟೆಕ್ಸಾಸ್ ಎ ಅಂಡ್ ಎಂ ಬ್ಯಾಂಡು ಇಂದಿಗೂ ಹಳೆಯ ಸೈನಿಕ ದಾರಿಯನ್ನು ಬಿಟ್ಟಿಲ್ಲ. ಅದರ ಸದಸ್ಯರೆಲ್ಲ ಕೆಡೆಟ್‌ಗಳು. ವಕ್ರರೇಖೆಯಿಲ್ಲ. ನೇರ ಸಾಲುಗಳು ಒಂದನ್ನೊಂದು ಕತ್ತರಿಸಿ ಹಾಯ್ದುಹೋಗುತ್ತವೆ, ಅಷ್ಟೇ. ಆ ‘ಅಷ್ಟೇ’ ಎಷ್ಟು ಕಷ್ಟ ಎಂಬುದು ನಾಲ್ಕು ದಿಕ್ಕಿನಿಂದ ಬಂದ ಸಾಲುಗಳು ಒಂದೇ ಬಿಂದುವಿನಲ್ಲಿ ದಾಟಿದಾಗ ಗೊತ್ತಾಗುತ್ತದೆ.

ಇದರ ಇನ್ನೊಂದು ತುದಿಯಲ್ಲಿ ಹಲವು ಐವಿ ಲೀಗ್ ಕಾಲೇಜುಗಳ (ಹಾರ್ವರ್ಡ್, ಯೇಲ್‌ನಂಥ ಹಳೆಯ ವಿಶ್ವವಿದ್ಯಾಲಯಗಳ), ಸ್ಟ್ಯಾನ್‌ಫರ್ಡ್‌ನ ‘ಚೆಲ್ಲಾಪಿಲ್ಲಿ ಬ್ಯಾಂಡು’ಗಳಿವೆ. ಇವರು ನಡೆಯುವುದೇ ಇಲ್ಲ. ಸೀಟಿ ಊದಿದರೆ ಎಲ್ಲರೂ ಮನಬಂದಂತೆ ಓಡಿ ಮುಂದಿನ ಚಿತ್ರದಲ್ಲಿ ತಮ್ಮ ಜಾಗ ಹಿಡಿಯುತ್ತಾರೆ, ಮೈಕಿನಲ್ಲಿ ಯಾರೋ ಎಲ್ಲರನ್ನೂ ಗೇಲಿ ಮಾಡುತ್ತಾರೆ. ಇವರ ಅತಿ ಪ್ರಸಿದ್ಧ ಗಳಿಗೆ ಸಂಗೀತದ್ದಲ್ಲ. 1982ರ ನವೆಂಬರ್ 20ರಂದು ಕ್ಯಾಲಿಫೋರ್ನಿಯಾ ವಿರುದ್ಧದ ಪಂದ್ಯದಲ್ಲಿ ಗೆದ್ದೇಬಿಟ್ಟೆವು ಎಂದುಕೊಂಡ ಸ್ಟ್ಯಾನ್‌ಫರ್ಡ್ ಬ್ಯಾಂಡು ಆಟ ಮುಗಿಯುವ ಮೊದಲೇ ಮೈದಾನಕ್ಕೆ ನುಗ್ಗಿತು. ಎದುರಾಳಿ ಆಟಗಾರ ಚೆಂಡು ಹಿಡಿದು ಬ್ಯಾಂಡಿನ ನಡುವಿನಿಂದಲೇ ಓಡಿ, ಗೆಲುವಿನ ಅಂಕ ಗಳಿಸಿ, ಅದೇ ಓಟದಲ್ಲಿ ಟ್ರಾಂಬೋನ್ ಹಿಡಿದಿದ್ದವನನ್ನು ಕೆಡವಿದ. ಜಜ್ಜಿಹೋದ ಆ ಟ್ರಾಂಬೋನ್ ಕೊನೆಗೆ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿತು.

ನನ್ನ ಮೆಚ್ಚಿನ ಬಗೆ ಇವೆರಡೂ ಅಲ್ಲ. ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗಾಗಿ ಬೆಳೆದ ಕಾಲೇಜುಗಳ ಬ್ಯಾಂಡುಗಳು ಈ ಕಲೆಗೆ ಕೊಟ್ಟಷ್ಟನ್ನು ಬೇರೆ ಯಾರೂ ಕೊಟ್ಟಿಲ್ಲ. ಅವುಗಳ ಕತೆಯಲ್ಲಿ ಒಬ್ಬ ಮನುಷ್ಯನ ಹೆಸರು ದೊಡ್ಡದು: ವಿಲಿಯಂ ಪಿ. ಫಾಸ್ಟರ್. ಕ್ಯಾನ್ಸಸ್‌ನಲ್ಲಿ ಸಂಗೀತ ಓದುತ್ತಿದ್ದಾಗ, ವಾದ್ಯಮೇಳದ ನಿರ್ದೇಶಕನಾಗುವ ಆಸೆ ಬೇಡ, ಕಪ್ಪು ನಿರ್ದೇಶಕರಿಗೆ ಕೆಲಸವೇ ಇಲ್ಲ ಎಂಬ ಮಾತನ್ನು ಅವರು ಕೇಳಬೇಕಾಯಿತು. 1946ರಲ್ಲಿ ಅವರು ಫ್ಲೋರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಬಂದು ‘ಮಾರ್ಚಿಂಗ್ 100’ ಎಂಬ ಬ್ಯಾಂಡನ್ನು ಬೆಳೆಸಿದರು. ಮಂಡಿ ಎತ್ತಿ ಇಡುವ ಹೆಜ್ಜೆ, ಎಡಬಲಕ್ಕೆ ತೂಗುವ ತುತ್ತೂರಿಗಳು, ನಡುವೆ ವಾದ್ಯ ಕೆಳಗಿಟ್ಟು ಇಡೀ ಬ್ಯಾಂಡು ಕುಣಿಯುವುದು, ರೇಡಿಯೋದಲ್ಲಿ ಬರುತ್ತಿರುವ ಹಾಡನ್ನು ಬಿಸಿ ಆರುವ ಮೊದಲೇ ಹಿತ್ತಾಳೆಗೆ ಇಳಿಸುವುದು. ಇಂದು ಇವೆಲ್ಲ ಸಾಮಾನ್ಯ ಅನ್ನಿಸಿದರೆ ಅದಕ್ಕೆ ಫಾಸ್ಟರ್‌ರ ಬ್ಯಾಂಡೂ ಅದರ ಓರಗೆಯವೂ ಕಾರಣ. 1989ರಲ್ಲಿ ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷದ ಮೆರವಣಿಗೆ ಪ್ಯಾರಿಸ್‌ನಲ್ಲಿ ನಡೆದಾಗ ಅಮೆರಿಕದ ಪರವಾಗಿ ಹೋದದ್ದು ಇದೇ ಬ್ಯಾಂಡ್. ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಬ್ಯಾಂಡು ವೃತ್ತಿಪರ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ, 1967ರ ಮೊಟ್ಟಮೊದಲ ಸೂಪರ್ ಬೌಲ್‌ನ ವಿರಾಮದಲ್ಲಿ ನುಡಿಸಿತ್ತು. 2023ರಲ್ಲಿ ಟೆನೆಸೀ ಸ್ಟೇಟ್ ಬ್ಯಾಂಡಿನ ಗಾಸ್ಪೆಲ್, ಅಂದರೆ ಕ್ರೈಸ್ತ ಭಕ್ತಿಗೀತೆಗಳ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿ ಬಂತು, ಕಾಲೇಜು ಮಾರ್ಚಿಂಗ್ ಬ್ಯಾಂಡೊಂದಕ್ಕೆ ಮೊದಲ ಬಾರಿ.

ಈ ಕಾಲೇಜುಗಳ ಪಂದ್ಯಕ್ಕೆ ಹೋದವರು ಆಟ ಮುಗಿದ ಮೇಲೂ ಏಳುವುದಿಲ್ಲ. ಫುಟ್‌ಬಾಲ್‌ನಲ್ಲಿ ನಾಲ್ಕು ಪಾದಗಳ, ಅಂದರೆ ನಾಲ್ಕು ಕಾಲುಭಾಗಗಳ (ಕ್ವಾರ್ಟರ್) ಆಟ, ಇವರಿಗೆ ‘ಐದನೇ ಪಾದ’ ಇರುತ್ತದೆ. ಎರಡೂ ಬ್ಯಾಂಡುಗಳು ಎದುರುಬದುರು ಗ್ಯಾಲರಿಯಲ್ಲಿ ಕೂತು, ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾ ಹೋಗುತ್ತಾರೆ. ಕರಾವಳಿಯಲ್ಲಿ ಯಕ್ಷಗಾನದ ಜೋಡಾಟ ನೋಡಿದವರಿಗೆ ಈ ಜಿದ್ದಿನ ಸುಖ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಜಿದ್ದಿಗೆ, ಇದೇ ಒಗ್ಗಟ್ಟಿಗೆ ಕರಾಳ ಮುಖವೂ ಇದೆ. 2011ರ ನವೆಂಬರಿನಲ್ಲಿ ಮಾರ್ಚಿಂಗ್ 100ರ ಒಬ್ಬ ಡ್ರಮ್ ಮೇಜರ್ ಪಂದ್ಯದ ನಂತರ ಬಸ್ಸಿನಲ್ಲಿ ತನ್ನದೇ ಸಹವಾದಕರ ರ‍್ಯಾಗಿಂಗ್ ಏಟುಗಳಿಗೆ ಬಲಿಯಾದ. ಬ್ಯಾಂಡನ್ನು ಅಮಾನತಿನಲ್ಲಿಟ್ಟರು, ಅದು ಮೈದಾನಕ್ಕೆ ಮರಳಿದ್ದು 2013ರಲ್ಲಿ. ಓಹಿಯೋ ಸ್ಟೇಟ್‌ನಲ್ಲಿ ಬ್ಯಾಂಡಿನೊಳಗೆ ಬೇರೂರಿದ್ದ ಲೈಂಗಿಕ ಅಶ್ಲೀಲತೆಯ ಬಗ್ಗೆ ತನಿಖೆ ನಡೆದು 2014ರಲ್ಲಿ ನಿರ್ದೇಶಕರನ್ನೇ ತೆಗೆದುಹಾಕಿದರು. ‘ಇದು ನಮ್ಮ ಸಂಪ್ರದಾಯ’ ಎಂಬ ಮಾತಿನ ಮರೆಯಲ್ಲಿ ಏನೇನು ನಡೆಯಬಲ್ಲದು ಎಂಬುದು ನಮ್ಮ ಹಾಸ್ಟೆಲುಗಳನ್ನು ಕಂಡವರಿಗೆ ಹೊಸದಲ್ಲ. ಹೆಣ್ಣುಮಕ್ಕಳನ್ನು ಬಹುಕಾಲ ಹೊರಗಿಟ್ಟದ್ದೂ ಸಂಪ್ರದಾಯದ ಹೆಸರಿನಲ್ಲೇ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾನೂನು 1972ರಲ್ಲಿ ಬಂದ ಮೇಲೆಯೇ ಮಿಷಿಗನ್ ಆ ವರ್ಷವೂ ಓಹಿಯೋ ಸ್ಟೇಟ್ ಮರುವರ್ಷವೂ ಬಾಗಿಲು ತೆರೆದವು.

ಮಧ್ಯಮ ಶ್ರುತಿಗೆ ಏರುವ ಹಾಡು

ಈಗ ಸಂಗೀತಕ್ಕೆ ಬರೋಣ. ಪ್ರತಿ ಕಾಲೇಜಿಗೂ ತನ್ನದೇ ಒಂದು ‘ಫೈಟ್ ಸಾಂಗ್’ ಇರುತ್ತದೆ, ಹುರಿದುಂಬಿಸುವ ಹಾಡು. ಇವುಗಳಲ್ಲಿ ಬಹಳಷ್ಟು 1900ರ ಆಚೀಚೆ ಹುಟ್ಟಿದವು, ಆಗಿನ ಜನಪ್ರಿಯ ಸಂಗೀತವೇ ಸೂಸಾ ಬಗೆಯ ಮಾರ್ಚ್. ಅಂಥ ಮಾರ್ಚ್‌ನ ಕಟ್ಟಡ ಹೀಗಿರುತ್ತದೆ: ಮೊದಲು ಒಂದು ಸಣ್ಣ ಪೀಠಿಕೆ, ಆಮೇಲೆ ಎರಡು ಬೇರೆ ಬೇರೆ ರಾಗಖಂಡಗಳು, ಒಂದೊಂದನ್ನೂ ಎರಡೆರಡು ಸಲ. ಅನಂತರ ‘ಟ್ರಿಯೊ’ ಎಂಬ ಭಾಗ. ಟ್ರಿಯೊ ಬಂದಾಗ ಶ್ರುತಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಷಡ್ಜವಾಗಿದ್ದದ್ದು ಪಂಚಮವಾಗಿ, ಮಧ್ಯಮವೇ ಹೊಸ ಷಡ್ಜವಾಗುತ್ತದೆ. ನಮ್ಮವರು ಮಧ್ಯಮ ಶ್ರುತಿ ಎನ್ನುವುದೂ ಈ ಮಧ್ಯಮವನ್ನೇ ಆಧಾರ ಮಾಡಿಕೊಂಡು. ಕೇಳುಗನಿಗೆ ಶಾಸ್ತ್ರ ಗೊತ್ತಿರಬೇಕಿಲ್ಲ. ಕಿಟಕಿ ತೆರೆದಂತೆ ಏನೋ ಅಗಲವಾಯಿತು ಎಂಬುದು ಮೈಗೆ ಗೊತ್ತಾಗುತ್ತದೆ, ಜನ ಎದ್ದು ನಿಂತು ಹಾಡುವುದೂ ಈ ಭಾಗವನ್ನೇ.

ಮಿಷಿಗನ್‌ನ ‘ದಿ ವಿಕ್ಟರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. 1898ರಲ್ಲಿ ಶಿಕಾಗೊ ವಿರುದ್ಧ ಮಿಷಿಗನ್ 12–11ರಿಂದ, ಒಂದೇ ಅಂಕದಿಂದ ಗೆದ್ದಿತು. ಆಟ ನೋಡಿದ ಲೂಯಿ ಎಲ್ಬೆಲ್ ಎಂಬ ವಿದ್ಯಾರ್ಥಿ ಆ ಸಂಭ್ರಮದಲ್ಲೇ ಬರೆದ ಹಾಡು ಅದು. ಎಲ್ಬೆಲ್ ಬರೆದದ್ದು ಪೂರ್ತಿ ಮಾರ್ಚ್. ಲಕ್ಷ ಜನ ಕೈ ಎತ್ತಿ ಹಾಡುವುದು ಅದರ ಟ್ರಿಯೊ ಮಾತ್ರ. ಮೊದಲ ಭಾಗಗಳು ಹೆಚ್ಚಿನವರಿಗೆ ನೆನಪೇ ಇಲ್ಲ. ವಿಸ್ಕಾನ್ಸಿನ್‌ನ ಹಾಡಿನದು ಇನ್ನೂ ತಮಾಷೆ. 1909ರಲ್ಲಿ ಅದನ್ನು ಕಟ್ಟಿದ್ದು ಬದ್ಧವೈರಿ ಮಿನ್ನೆಸೋಟದ ಸ್ಪರ್ಧೆಗೆಂದು. ಕೊನೇ ಗಳಿಗೆಯಲ್ಲಿ ಹಾಡಿನೊಳಗಿನ ಹೆಸರು ಬದಲಾಯಿತು.

ಮೈದಾನಕ್ಕೆ ಸಂಗೀತ ಬರೆಯುವವರ ಕಷ್ಟ ಬೇರೆ. ಮೆಲುದನಿ ಗಾಳಿಗೆ ಹೋಗುತ್ತದೆ. ಉದ್ದನೆಯ ಸ್ವರಗಳು ಮಸುಕಾಗುತ್ತವೆ. ಅದಕ್ಕೆ ಸ್ವರಗಳನ್ನು ಚುಟುಕಾಗಿ, ಬಿಡಿಬಿಡಿಯಾಗಿ ಕತ್ತರಿಸಿ ಬರೆಯುತ್ತಾರೆ, ರಾಗವನ್ನು ಟ್ರಂಪೆಟ್‌ಗಳ ಕೈಗೆ ಕೊಡುತ್ತಾರೆ, ಎಲ್ಲಕ್ಕಿಂತ ಮೇಲೆ ಪಿಕೊಲೊ ಎಂಬ ಪುಟ್ಟ ಕೊಳಲು ಚುಚ್ಚುತ್ತದೆ. ಕಾಲು ಅತ್ಯಂತ ಕಷ್ಟದ ಹೆಜ್ಜೆ ಹಾಕುವಾಗ ತುಟಿಗೆ ಸುಲಭದ ಸ್ವರ, ನಿಂತಾಗ ಕಷ್ಟದ ಸ್ವರ. ಇದನ್ನು ಹೊಂದಿಸಲು ಹಾಡು ಬರೆಯುವವರೂ ನಡಿಗೆ ಬರೆಯುವವರೂ ಒಬ್ಬರ ಹಾಳೆಯನ್ನು ಒಬ್ಬರು ನೋಡುತ್ತಿರಬೇಕು.

ಡ್ರಮ್ ತಂಡದ ಸಂಗತಿ ಇನ್ನೂ ಸೊಗಸು. ಬೇಸ್ ಡ್ರಮ್ ಬಾರಿಸುವವರು ನಾಲ್ಕೈದು ಮಂದಿ, ಒಬ್ಬೊಬ್ಬರದು ಒಂದೊಂದು ಗಾತ್ರ, ಒಂದೊಂದು ಶ್ರುತಿ. ಒಂದು ವೇಗದ ಜತಿಯನ್ನು ಐವರೂ ಹಂಚಿಕೊಂಡು, ಒಬ್ಬರ ಪಾಲಿಗೆ ಒಂದೊಂದು ಪೆಟ್ಟಿನಂತೆ, ಮೇಲಿನಿಂದ ಕೆಳಕ್ಕೆ ಉರುಳಿಸುತ್ತಾರೆ. ತಕಧಿಮಿಯಲ್ಲಿ ‘ತ’ ನಿಮ್ಮದು, ‘ಕ’ ಪಕ್ಕದವರದು ಎಂದರೆ ಹೇಗಿರುತ್ತದೆ? ಒಬ್ಬರು ಕೂದಲೆಳೆ ತಡಮಾಡಿದರೂ ಇಡೀ ಜತಿ ಮುಗ್ಗರಿಸುತ್ತದೆ. ಮೈದಾನಕ್ಕೆ ಬರುವ ದಾರಿಯುದ್ದಕ್ಕೂ ಡ್ರಮ್ಮುಗಳೇ ನುಡಿಸುವ ‘ಕೇಡೆನ್ಸ್’ ಎಂಬ ನಡಿಗೆಯ ಲಯವನ್ನು ಹುಡುಗರು ಅಣ್ಣಂದಿರಿಂದ ಕೇಳಿಯೇ ಕಲಿಯುವುದುಂಟು.

ಈ ಬಯಲಿನ ಸದ್ದನ್ನು ಸ್ಟುಡಿಯೋದವರೂ ಬಯಸಿದ್ದಾರೆ. ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ಸಂಗೀತ ತಂಡ 1979ರಲ್ಲಿ ತನ್ನ ‘ಟಸ್ಕ್’ ಹಾಡಿಗೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ಯಾಂಡನ್ನು ಖಾಲಿ ಡಾಜರ್ ಕ್ರೀಡಾಂಗಣಕ್ಕೇ ಕರೆಸಿ ನುಡಿಸಿತು.

ಇಷ್ಟೆಲ್ಲಕ್ಕೆ ಹುಡುಗರಿಗೆ ಸಿಗುವುದೇನು ಎಂದರೆ, ಹೆಚ್ಚಿನವರಿಗೆ ಒಂದೆರಡು ಕ್ರೆಡಿಟ್ಟು, ಕೆಲವರಿಗೆ ಸಣ್ಣ ವಿದ್ಯಾರ್ಥಿವೇತನ. ಸಂಬಳವಿಲ್ಲ. ಟಿವಿಯವರು ವಿರಾಮ ಬಂದ ಕೂಡಲೇ ಜಾಹೀರಾತಿಗೋ ತಜ್ಞರ ಹರಟೆಗೋ ಹೊರಳುತ್ತಾರೆ. ಕ್ರೀಡಾಂಗಣಕ್ಕೆ ಹೋಗದೆ ಇದನ್ನು ನೋಡುವುದು ಕಷ್ಟ. ಆಗಸ್ಟಿನ ಬಿಸಿಲಲ್ಲಿ ‘ಬ್ಯಾಂಡ್ ಕ್ಯಾಂಪ್’ ಶುರುವಾಗುತ್ತದೆ, ಬೆಳಗಿನಿಂದ ಸಂಜೆವರೆಗೆ ಹೆಜ್ಜೆ. ಅಮೆರಿಕದಿಂದ ಬೇಸಿಗೆ ರಜೆಗೆ ಊರಿಗೆ ಬಂದ ನೆಂಟರ ಮಕ್ಕಳು ಗೌರಿ ಹಬ್ಬಕ್ಕೂ ನಿಲ್ಲದೆ ‘ಬ್ಯಾಂಡ್ ಇದೆ ಅಜ್ಜಿ’ ಎಂದು ಹೊರಟರೆ ಅದು ನೆಪವಲ್ಲ.

ಒಂದೆಳೆಯ ರಂಗೋಲಿ

ಈ ಇಡೀ ಕಲೆಯನ್ನು ಒಂದೇ ದೃಶ್ಯದಲ್ಲಿ ನೋಡಬೇಕೆಂದರೆ ಓಹಿಯೋ ರಾಜ್ಯದ ಕೊಲಂಬಸ್‌ಗೆ ಹೋಗಬೇಕು. ಓಹಿಯೋ ಸ್ಟೇಟ್ ಬ್ಯಾಂಡು 1934ರಿಂದ ಬರೀ ಹಿತ್ತಾಳೆ ಮತ್ತು ಡ್ರಮ್ಮುಗಳದು, ಮರದ ವಾದ್ಯಗಳಿಲ್ಲ. ಅಲ್ಲಿ ಜಾಗ ಗಿಟ್ಟಿಸುವುದೂ ಉಳಿಸಿಕೊಳ್ಳುವುದೂ ಕಷ್ಟ. ಋತುವಿನುದ್ದಕ್ಕೂ ವಾರವಾರ ಹೊರಗುಳಿದವರು ಒಳಗಿದ್ದವರಿಗೆ ಸವಾಲು ಹಾಕಿ ಜಾಗ ಕಸಿದುಕೊಳ್ಳಬಹುದು. ಬ್ಯಾಂಡು ಮೈದಾನಕ್ಕೆ ಇಳಿಜಾರಿನ ಮೂಲಕ ನುಗ್ಗಿದ ಮೇಲೆ ಡ್ರಮ್ ಮೇಜರ್ ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿ ತಲೆಯ ಮೇಲಿನ ತುರಾಯಿಯನ್ನು ನೆಲಕ್ಕೆ ಮುಟ್ಟಿಸುತ್ತಾರೆ, ಗ್ಯಾಲರಿ ಭೋರ್ಗರೆಯುತ್ತದೆ. ಜನ ಕಾಯುವುದು ಮಾತ್ರ ‘ಸ್ಕ್ರಿಪ್ಟ್ ಓಹಿಯೋ’ಗೆ.

1936ರ ಅಕ್ಟೋಬರ್ 10ರಂದು ನಿರ್ದೇಶಕ ಯೂಜೀನ್ ವೈಗಲ್ ಇದನ್ನು ಮೊದಲು ಮಾಡಿಸಿದರು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಸುತ್ತುವ ದೀಪದಕ್ಷರಗಳೂ ಆಕಾಶದಲ್ಲಿ ವಿಮಾನ ಹೊಗೆಯಿಂದ ಬರೆಯುವ ಜಾಹೀರಾತೂ ನೆನಪಾಗಿ ಇದು ಹೊಳೆಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಬ್ಯಾಂಡು ಮೊದಲು ಒಂದರೊಳಗೊಂದು ಮೂರು ಸುತ್ತಾಗಿ ತಿರುಗುತ್ತದೆ. ಫ್ರೆಂಚರ ಹಳೆಯ ಸೈನಿಕ ಗೀತೆಯೊಂದು ನುಡಿಯುತ್ತಿರುತ್ತದೆ. ಆ ಸುತ್ತಿನಿಂದ ಡ್ರಮ್ ಮೇಜರ್ ಹೊರಬರುತ್ತಾರೆ, ಅವರ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು. ಇಡೀ ಬ್ಯಾಂಡು ಒಂದೇ ದಾರವಾಗಿ ಬಿಚ್ಚಿಕೊಳ್ಳುತ್ತದೆ. ಆ ದಾರ ಇಂಗ್ಲಿಷಿನ ಕೂಡುಬರಹದಲ್ಲಿ ‘ಓಹಿಯೋ’ ಎಂದು ಬರೆಯುತ್ತಾ ಹೋಗುತ್ತದೆ. ಬರೆಯುವಾಗ ದಾರ ತನ್ನನ್ನೇ ತಾನು ದಾಟಬೇಕು, ಒಬ್ಬರ ನಡುವೆ ಒಬ್ಬರು ಹೆಣೆದುಕೊಂಡು ಹಾಯಬೇಕು, ಊದುವುದು ನಿಲ್ಲಬಾರದು. ಕೈ ಎತ್ತದೆ ಒಂದೇ ಎಳೆಯಲ್ಲಿ ಚುಕ್ಕಿಗಳನ್ನು ಸುತ್ತಿಬರುವ ನಮ್ಮ ಎಳೆ ರಂಗೋಲಿಯನ್ನು ಇನ್ನೂರು ಜನ ನಡೆದು ಬಿಡಿಸಿದಂತೆ. ಓಹಿಯೋದವರ ಮುಂದೆ ಹೇಳಬಾರದ ಒಂದು ವಿಷಯ: ಬದ್ಧವೈರಿ ಮಿಷಿಗನ್ ಬ್ಯಾಂಡು 1932ರಲ್ಲೇ, ಇದೇ ಕ್ರೀಡಾಂಗಣದಲ್ಲಿ, ಈ ಪದವನ್ನು ಕೂಡುಬರಹದಲ್ಲಿ ಬರೆದು ತೋರಿಸಿತ್ತು ಎನ್ನುತ್ತಾರೆ.

ಕೊನೆಗೆ ಉಳಿಯುವುದು ‘ಐ’ ಅಕ್ಷರದ ಮೇಲಿನ ಚುಕ್ಕೆ. ಮೊದಲ ಸಲ ಒಬ್ಬ ಟ್ರಂಪೆಟ್ ಹುಡುಗ ಅಲ್ಲಿ ನಿಂತಿದ್ದ. ಮರುವರ್ಷದಿಂದ ಆ ಜಾಗ ಸೂಸಾಫೋನ್ ಹೊತ್ತವರದು, ಅದೂ ಹಿರಿಯ ವಿದ್ಯಾರ್ಥಿಗಳಿಗೆ ಮಾತ್ರ. ವರ್ಷಗಟ್ಟಲೆ ಕಾದ ಒಬ್ಬರು ಡ್ರಮ್ ಮೇಜರ್ ಜೊತೆ ಗತ್ತಿನಿಂದ ನಡೆದು ಬಂದು, ಕಾಲು ಝಾಡಿಸಿ, ತಿರುಗಿ, ಹದಿನೈದಿಪ್ಪತ್ತು ಕಿಲೋ ಹಿತ್ತಾಳೆಯನ್ನು ಮೈಗೆ ಸುತ್ತಿಕೊಂಡೇ ಎರಡೂ ಬದಿಯ ಗ್ಯಾಲರಿಗೆ ಸೊಂಟ ಬಾಗಿಸಿ ನಮಿಸುತ್ತಾರೆ. ಗಗನಯಾತ್ರಿ ಜಾನ್ ಗ್ಲೆನ್, ಹಾಸ್ಯನಟ ಬಾಬ್ ಹೋಪ್, ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಮುಂತಾದ ಕೆಲವೇ ಹೊರಗಿನವರಿಗೆ ಈ ಚುಕ್ಕೆಯಾಗುವ ಗೌರವ ಸಿಕ್ಕಿದೆ.

ಆ ನಮನವನ್ನು ಯಾರೂ ಗ್ರಾಫ್ ಹಾಳೆಯ ಮೇಲೆ ಬರೆದಿರಲಿಲ್ಲ. 1938ರ ಒಂದು ಪಂದ್ಯದಲ್ಲಿ ಡ್ರಮ್ ಮೇಜರ್ ಲೆಕ್ಕ ತಪ್ಪಿ ‘ಐ’ಯ ತುದಿಗೆ ಮೂರ್ನಾಲ್ಕು ಆವರ್ತ ಮೊದಲೇ ಬಂದುಬಿಟ್ಟ. ಸಂಗೀತ ಇನ್ನೂ ಉಳಿದಿತ್ತು, ಮಾಡಲು ಹೆಜ್ಜೆ ಉಳಿದಿರಲಿಲ್ಲ. ಸೂಸಾಫೋನ್ ಹೊತ್ತ ಹುಡುಗ ಆ ಖಾಲಿ ಪೆಟ್ಟುಗಳನ್ನು ತುಂಬಲು ಕಾಲು ಝಾಡಿಸಿದ, ಒಂದು ಸುತ್ತು ತಿರುಗಿದ, ಬಾಗಿದ. ಅಷ್ಟರಲ್ಲಿ ಹಾಡು ಮುಗಿಯಿತು.